ಕಂಬದಿಂದ ನಕ್ಷೆಗೆ: ಬೆಂಗಳೂರಿನ ಕರಾಟೆ ಶಾಲೆಗಳು ಕರೆಯುತ್ತಿರುವುದು ಯಾರನ್ನು?

ಬೆಂಗಳೂರಿನ ಕರಾಟೆ ಶಾಲೆಗಳು ಮೊಬೈಲ್ ಪರದೆಗೆ ವಲಸೆ ಹೋದದ್ದಕ್ಕೆ ಅಗ್ಗದ ಡೇಟಾ ಒಂದೇ ಕಾರಣವಲ್ಲ, ವಿದ್ಯುತ್ ಕಂಬ ಕೈತಪ್ಪಿದ್ದೂ ಒಂದು ಕಾರಣ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳ ಜೊತೆಗೆ ಫ್ಲೆಕ್ಸ್, ಬ್ಯಾನರ್‌ಗಳನ್ನೂ ನಿಷೇಧಿಸಿತು. ಆದೇಶ ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಬಿಬಿಎಂಪಿ ಎಚ್ಚೆತ್ತು ಸಾವಿರಾರು ಫಲಕಗಳನ್ನು ಕಿತ್ತುಹಾಕಿತು. ಆ ರಾಶಿಯಲ್ಲಿ ‘ಕರಾಟೆ, ಕಿಕ್ ಬಾಕ್ಸಿಂಗ್, ಯೋಗ: ಪ್ರವೇಶ ಆರಂಭ’ ಎಂದು ಹತ್ತು ಅಂಕಿಯ ಸಂಖ್ಯೆಯೊಂದಿಗೆ ಕಂಬಕ್ಕೆ ತಂತಿಯಲ್ಲಿ ಬಿಗಿದಿದ್ದ ಸಣ್ಣ ಫಲಕಗಳೂ ಹೋದವು. ಗೋಡೆಬರಹಕ್ಕಂತೂ ತೆರೆದ ಸ್ಥಳಗಳ ವಿರೂಪ ತಡೆಯುವ 1981ರ ಕಾಯ್ದೆ ಮೊದಲಿನಿಂದಲೂ ಅಡ್ಡಿಯಾಗಿತ್ತು, ಯಾರೂ ಲೆಕ್ಕಿಸುತ್ತಿರಲಿಲ್ಲ ಅಷ್ಟೇ. ನಾಯಕರ ಹುಟ್ಟುಹಬ್ಬದ ಫ್ಲೆಕ್ಸ್‌ಗಳು ಕೆಲವೇ ದಿನಗಳಲ್ಲಿ ಮತ್ತೆ ತಲೆ ಎತ್ತಿದವು, ಆ ಮಾತು ಬೇರೆ. ಬಾಡಿಗೆ ಮಹಡಿಯಲ್ಲಿ ತರಗತಿ ನಡೆಸುವ ಮಾಸ್ಟರಿಗೆ ದಂಡ ಕಟ್ಟುವ ಶಕ್ತಿಯೂ ಇಲ್ಲ, ದಂಡ ತಪ್ಪಿಸುವ ನಂಟೂ ಇಲ್ಲ.

ಹೀಗೆ ಕಂಬ ಬಿಟ್ಟವರು ಗೂಗಲ್ ನಕ್ಷೆ ಹಿಡಿದರು, ಆಮೇಲೆ ಇನ್‌ಸ್ಟಾಗ್ರಾಂ. ಈ ಬದಲಾವಣೆಯ ಬಗ್ಗೆ ಸಲಹೆ ಮಾರುವವರಿಗೆ ಬರವಿಲ್ಲ. ಅವರ ಮಾತೆಲ್ಲ ಹೆಚ್ಚು ಜನರನ್ನು ತಲುಪುವುದು ಹೇಗೆ ಎಂಬುದರ ಸುತ್ತಲೇ ತಿರುಗುತ್ತದೆ. ನನಗೆ ಕಾಣುವ ತೊಡಕು ಅದರ ಮುಂದಿನದು. ಜಾಹೀರಾತು ಕೊಟ್ಟ ಮಾತನ್ನು ತರಗತಿ ತೀರಿಸಬೇಕಾಗುತ್ತದೆ. ಯಾವ ಆಸೆ ತೋರಿಸಿ ಕರೆದಿರೋ ಆ ಆಸೆ ಹೊತ್ತವರೇ ಬಂದು ಸಾಲಿನಲ್ಲಿ ನಿಲ್ಲುತ್ತಾರೆ. ಒಂದೆರಡು ವರ್ಷಗಳಲ್ಲಿ ಮಾಸ್ಟರ್ ಕಲಿಸುವುದೂ ಅದನ್ನೇ ಆಗಿರುತ್ತದೆ. ಪ್ರಚಾರದ ವಿಧಾನ ಬದಲಾದಂತೆ ಕಲಿಸುವ ಕಲೆಯೂ ಬದಲಾಗುತ್ತಿದೆ. ಇದನ್ನು ಬರೀ ವ್ಯಾಪಾರದ ವಿಷಯವೆಂದು ಬಿಟ್ಟುಬಿಡಲಾಗದು.

ಗರಡಿ ಮನೆಗೆ ಈ ತಾಪತ್ರಯ ಇರಲಿಲ್ಲ. ಹಳೇ ಪೇಟೆಗಳಲ್ಲಿ ಗರಡಿ ಎಂಬುದು ಕೇರಿಯ ಸ್ವತ್ತು. ಉಸ್ತಾದರು ಹುಡುಗರನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ, ಅಪ್ಪನೋ ಸೋದರಮಾವನೋ ಕರೆತಂದು ಮಟ್ಟಿಗೆ, ಅಂದರೆ ಕುಸ್ತಿಯ ಮಣ್ಣಿಗೆ, ಇಳಿಸುತ್ತಿದ್ದರು. ಕರಗದ ವೀರಕುಮಾರರಿಗೆ ಇಂದಿಗೂ ಗರಡಿಯ ನಂಟಿದೆ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯ ಸ್ವಾಮಿ ಗುಡಿಯ ಮುಂದೆ ಕತ್ತಿ ಹಿಡಿದು ನಿಲ್ಲುವ ಅವರನ್ನು ನೋಡುವುದಕ್ಕಿಂತ ದೊಡ್ಡ ಪ್ರಚಾರ ಪೇಟೆಯ ಹುಡುಗನೊಬ್ಬನಿಗೆ ಬೇಕಿರಲಿಲ್ಲ. ಮೈಸೂರು ದಸರಾ ಕುಸ್ತಿಯಲ್ಲಿ ಪಂದ್ಯಕ್ಕೆ ಮೊದಲು ಎಲ್ಲರೆದುರು ಜೋಡಿ ಕಟ್ಟುವ ಪದ್ಧತಿಯಿದೆ. ಯಾವ ಪೈಲ್ವಾನ ಯಾರ ಶಿಷ್ಯ, ಅವನ ತೂಕವೇನು, ಹಿಂದೆ ಯಾರನ್ನು ಚಿತ್ ಮಾಡಿದ್ದಾನೆ ಎಂಬುದು ಅಲ್ಲಿ ನೆರೆದವರಿಗೆಲ್ಲ ಗೊತ್ತು. ಸುಳ್ಳು ಹೇಳಿದರೆ ಸಂಜೆಯೊಳಗೆ ಮಣ್ಣು ಮುಕ್ಕಬೇಕು.

ಕರಾಟೆ ಬಂದದ್ದು ಬೇರೆ ದಾರಿಯಲ್ಲಿ, ಅದೂ ಪ್ರಚಾರದ ಬೆನ್ನೇರಿ. ಎಪ್ಪತ್ತರ ದಶಕದಲ್ಲಿ ಬ್ರೂಸ್ ಲೀ, ಎಂಬತ್ತರಲ್ಲಿ ‘ಕರಾಟೆ ಕಿಂಗ್’ ಶಂಕರ್ ನಾಗ್. ಬ್ರೂಸ್ ಲೀ ಕಲಿತದ್ದು ವಿಂಗ್ ಚುನ್, ಕಟ್ಟಿದ್ದು ಜೀತ್ ಕುನೆ ದೊ. ಅವನದು ಕರಾಟೆಯೇ ಅಲ್ಲ ಎಂಬುದು ಯಾವ ಶಾಲೆಯ ಪ್ರವೇಶಾತಿಗೂ ಅಡ್ಡಿಯಾಗಲಿಲ್ಲ. ರಾಜ್ಯೋತ್ಸವ, ಗಣೇಶೋತ್ಸವದ ವೇದಿಕೆಗಳಲ್ಲಿ ಹೆಂಚು ಒಡೆಯುವುದು, ಟ್ಯೂಬ್‌ಲೈಟನ್ನು ಎದೆಗೆ ಬಡಿದುಕೊಳ್ಳುವುದು, ಮಲಗಿದವನ ಹೊಟ್ಟೆಯ ಮೇಲೆ ಬೈಕ್ ಹರಿಸುವುದು ನಡೆಯುತ್ತಿತ್ತು. ಕೆಳಗಿಳಿದ ಕೂಡಲೇ ಕರಪತ್ರ. ಇಂದಿನ ರೀಲ್ಸ್ ನೋಡಿ ಹಿಂದಿನ ಕಾಲ ಶುದ್ಧವಾಗಿತ್ತು ಎಂದು ಹಲುಬುವವರು ಆ ಬೈಕನ್ನು ನೆನಪಿಸಿಕೊಳ್ಳಬೇಕು. ವ್ಯತ್ಯಾಸ ಇಷ್ಟೇ: ಆಗಿನ ಪ್ರದರ್ಶನ ವರ್ಷಕ್ಕೆ ಎರಡು ಸಲ ನಡೆಯುತ್ತಿತ್ತು, ಉಳಿದ ದಿನಗಳು ಅಭ್ಯಾಸಕ್ಕೆ ಸಿಗುತ್ತಿದ್ದವು. ಈಗ ವಾರಕ್ಕೆ ಮೂರು ವಿಡಿಯೋ ಹಾಕದಿದ್ದರೆ ಇನ್‌ಸ್ಟಾಗ್ರಾಂ ಮರೆತುಬಿಡುತ್ತದೆ ಎಂಬ ಹೆದರಿಕೆ.

ಮೊದಲು ನಕ್ಷೆಯ ಮಾತು, ಏಕೆಂದರೆ ಹೊಸ ವಿದ್ಯಾರ್ಥಿಯ ತಾಯಿ ಮೊದಲು ನೋಡುವುದು ಅದನ್ನೇ. ಹತ್ತಿರದ ಕರಾಟೆ ತರಗತಿ ಎಂದು ಹುಡುಕಿದಾಗ ಯಾರ ಹೆಸರು ಮೇಲೆ ಬರಬೇಕೆಂಬುದನ್ನು ನಿರ್ಧರಿಸಲು ಗೂಗಲ್ ಮೂರು ಸಂಗತಿ ನೋಡುವುದಾಗಿ ಹೇಳಿಕೊಂಡಿದೆ: ಹುಡುಕಿದ್ದಕ್ಕೂ ನಿಮ್ಮ ವಿವರಕ್ಕೂ ಇರುವ ಹೊಂದಾಣಿಕೆ, ದೂರ, ಮತ್ತು ನೀವೆಷ್ಟು ಪರಿಚಿತರು ಎಂಬುದು. ದೂರ ನಿಮ್ಮ ಕೈಯಲ್ಲಿಲ್ಲ. ಬೆಂಗಳೂರಿನಲ್ಲಂತೂ ಸಂಜೆ ಆರೂವರೆಗೆ ಮೂರು ಕಿಲೋಮೀಟರ್ ಆಚೆಯ ತರಗತಿಯೆಂದರೆ ಬೇರೆ ಊರಿನ ತರಗತಿಯೇ. ಮಾಗಡಿ ರಸ್ತೆ ದಾಟಿಸಿ ಮಗುವನ್ನು ಕರೆದೊಯ್ಯುವ ಪೋಷಕರು ಇದ್ದಾರೆ, ಆದರೆ ಅವರನ್ನು ನಂಬಿ ಬಾಡಿಗೆ ಕಟ್ಟಲಾಗದು. ಹೊಂದಾಣಿಕೆಯ ಕೆಲಸ ಒಂದು ಮಧ್ಯಾಹ್ನದ್ದು: ಸರಿಯಾದ ಸಮಯ, ವಿಳಾಸ, ಯಾವ ಕಲೆ, ಯಾವ ವಯಸ್ಸಿನವರಿಗೆ. ಎಷ್ಟೋ ಶಾಲೆಗಳು ಇಷ್ಟನ್ನೂ ಮಾಡಿಲ್ಲ. ಲಾಕ್‌ಡೌನಿನಲ್ಲಿ ಖಾಲಿ ಮಾಡಿದ ಕಟ್ಟಡದ ಪಿನ್ ಇನ್ನೂ ಅಲ್ಲೇ ಇರುತ್ತದೆ, ಸಂಖ್ಯೆಗೆ ಕರೆ ಮಾಡಿದರೆ ಬೇರೆ ಯಾರೋ ಎತ್ತುತ್ತಾರೆ.

ಉಳಿದದ್ದು ಪರಿಚಿತತೆ, ಅಂದರೆ ಬಹುಪಾಲು ವಿಮರ್ಶೆ ಮತ್ತು ನಕ್ಷತ್ರಗಳ ಲೆಕ್ಕ. ಆಟ ನಡೆಯುವುದು ಇಲ್ಲಿ. ಯಾವುದೇ ಬಡಾವಣೆಯ ನಾಲ್ಕಾರು ಶಾಲೆಗಳ ಪುಟ ತೆರೆದು ವಿಮರ್ಶೆಗಳನ್ನು ದಿನಾಂಕದ ಪ್ರಕಾರ ಜೋಡಿಸಿ ನೋಡಿ. ಒಂದು ಬಗೆಯ ಪುಟದಲ್ಲಿ ಒಂದೇ ವಾರಾಂತ್ಯ ಇಪ್ಪತ್ತು ಮೂವತ್ತು ಮಂದಿ ಐದು ನಕ್ಷತ್ರ ಕೊಟ್ಟಿರುತ್ತಾರೆ. ಎಲ್ಲರದೂ ಮಾಸ್ಟರ್ ತುಂಬಾ ಚೆನ್ನಾಗಿ ಕಲಿಸುತ್ತಾರೆ ಎಂಬ ಒಂದೇ ಸಾಲು. ಅದು ಗ್ರೇಡಿಂಗ್, ಅಂದರೆ ಮುಂದಿನ ಬೆಲ್ಟಿನ ಪರೀಕ್ಷೆ, ಮುಗಿದ ಭಾನುವಾರ, ಪ್ರಮಾಣಪತ್ರ ಕೊಡುವ ಮೊದಲು ಎಲ್ಲರ ಮೊಬೈಲಿಗೂ ಕೊಂಡಿ ಹೋಗಿರುತ್ತದೆ. ಇನ್ನೊಂದು ಬಗೆಯ ಪುಟದಲ್ಲಿ ವಿಮರ್ಶೆಗಳು ಹದಿನೈದಿಪ್ಪತ್ತೇ, ವರ್ಷಗಳ ಮೇಲೆ ಹರಡಿಕೊಂಡಿವೆ. ಒಬ್ಬ ತಾಯಿ ಮಗಳು ಮೊದಲ ತಿಂಗಳು ಅಳುತ್ತಿದ್ದದ್ದನ್ನು ಬರೆದಿದ್ದಾಳೆ, ಒಬ್ಬರು ಪಾರ್ಕಿಂಗ್ ಇಲ್ಲವೆಂದು ಮೂರು ನಕ್ಷತ್ರ ಕೊಟ್ಟಿದ್ದಾರೆ, ಮಾಸ್ಟರ್ ಅದಕ್ಕೆ ಕನ್ನಡದಲ್ಲಿ ಮರ್ಯಾದೆಯಿಂದ ಉತ್ತರಿಸಿದ್ದಾರೆ. ನಕ್ಷೆಯ ಲೆಕ್ಕದಲ್ಲಿ ಮೊದಲನೆಯದು ಮುಂದೆ ಬರುವ ಸಾಧ್ಯತೆ ಹೆಚ್ಚು. ನಾನಾದರೆ ಮಗುವನ್ನು ಸೇರಿಸುವುದು ಎರಡನೆಯದಕ್ಕೆ. ಉಡುಗೊರೆಯನ್ನೋ ಶುಲ್ಕದಲ್ಲಿ ರಿಯಾಯಿತಿಯನ್ನೋ ಕೊಟ್ಟು ವಿಮರ್ಶೆ ಬರೆಸುವುದು ಗೂಗಲ್‌ನ ನಿಯಮಕ್ಕೇ ವಿರುದ್ಧ. ಆನ್‌ಲೈನ್ ವಿಮರ್ಶೆಗಳಿಗಾಗಿ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಎಂಬ ಮಾನದಂಡ ತಂದಿತಾದರೂ ಅದು ಸ್ವಇಚ್ಛೆಯದು.

ಇನ್ನು ರೀಲ್ಸ್. ಸಮರಕಲೆಯಲ್ಲಿ ಕಣ್ಣಿಗೆ ಬೀಳುವುದು ಬಹಳ ಕಡಿಮೆ. ನಿಲುವು ತಿದ್ದುವುದು, ಸೊಂಟ ತಿರುಗಿಸುವ ಹೊತ್ತು ಹಿಡಿಯುವುದು, ಎದುರಾಳಿಯ ಅಂತರ ಅಳೆಯುವುದು ಇವೆಲ್ಲ ತಿಂಗಳುಗಟ್ಟಲೆಯ ಕೆಲಸ, ವಿಡಿಯೋದಲ್ಲಿ ನೋಡಿದರೆ ಯಾರೋ ಸುಮ್ಮನೆ ನಿಂತಂತೆ ಕಾಣುತ್ತದೆ. ಮೂವತ್ತು ಸೆಕೆಂಡಿನಲ್ಲಿ ಹಿಡಿಸುವುದು ಎತ್ತರದ ಒದೆ, ಒಡೆಯುವ ಹಲಗೆ, ಹೊಸ ಬೆಲ್ಟ್ ಕಟ್ಟಿಸಿಕೊಂಡು ನಗುವ ಮಗು. ಹೀಗಾಗಿ ಇವೇ ಹೆಚ್ಚಾಗಿ ಹೋಗುತ್ತವೆ, ಇವನ್ನು ನೋಡಿದವರೇ ಬರುತ್ತಾರೆ, ಬಂದವರು ಇವನ್ನೇ ಕೇಳುತ್ತಾರೆ. ಸಂಜೆ ಒಂದು ಗಂಟೆಯ ತರಗತಿಯಲ್ಲಿ ಗೋಡೆಯುದ್ದಕ್ಕೂ ಇಟ್ಟ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತ ಪೋಷಕರ ಕೈಯನ್ನು ಗಮನಿಸಿ. ಮಕ್ಕಳು ಬೆವರಿಳಿಸಿ ಒಂದೇ ಹೊಡೆತವನ್ನು ಐವತ್ತು ಸಲ ಮಾಡುವಾಗ ಮೊಬೈಲ್ ಮಡಿಲಲ್ಲಿರುತ್ತದೆ. ಪ್ಯಾಡ್ ಹಿಡಿದು ಒದೆಯುವ ಸರದಿ ಬಂದ ಕ್ಷಣ ಎಲ್ಲ ಕೈಗಳೂ ಮೇಲೇಳುತ್ತವೆ. ಕಣ್ಣಿರುವ ಮಾಸ್ಟರಿಗೆ ಇದು ತಿಳಿಯದೆ ಇರುತ್ತದೆಯೇ? ಮುಂದಿನ ತಿಂಗಳು ಐವತ್ತು ಇಪ್ಪತ್ತಾಗುತ್ತದೆ, ಪ್ಯಾಡಿನ ಸಮಯ ಇಮ್ಮಡಿಯಾಗುತ್ತದೆ.

ಬೆಲ್ಟಿನ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಕರಾಟೆಗೆ ಮೂಲದಲ್ಲಿ ಬೆಲ್ಟ್ ಇರಲಿಲ್ಲ. 1882ರಲ್ಲಿ ಜೂಡೋ ಶಾಲೆ ತೆರೆದ ಕಾನೊ ಜಿಗೊರೊ ಶಿಷ್ಯರಿಗೆ ದಾನ್ ಎಂಬ ಮೇಲ್ದರ್ಜೆಯ ಶ್ರೇಣಿಯನ್ನೂ ಕೆಲ ವರ್ಷಗಳಲ್ಲಿ ಕಪ್ಪು ಪಟ್ಟಿಯನ್ನೂ ತಂದರು. ಒಕಿನಾವಾದಿಂದ 1922ರಲ್ಲಿ ಟೋಕಿಯೊಗೆ ಬಂದು ಕರಾಟೆ ತೋರಿಸಿದ ಫುನಕೋಶಿ ಗಿಚಿನ್ ಅದೇ ಪದ್ಧತಿಯನ್ನು ಎರವಲು ಪಡೆದು 1924ರಲ್ಲಿ ಮೊದಲ ದಾನ್‌ಗಳನ್ನು ಕೊಟ್ಟರು. ಹಳದಿ, ಕಿತ್ತಳೆ, ಹಸಿರು, ನೀಲಿಯ ಸಾಲು ಬೆಳೆದದ್ದು ಇನ್ನೂ ಆಚೆಗೆ, ಹೆಚ್ಚಾಗಿ ಯುರೋಪಿನ ಜೂಡೋ ಕ್ಲಬ್‌ಗಳಲ್ಲಿ. ಹೊಸಬರು ಬೇಸರಗೊಂಡು ಬಿಟ್ಟುಹೋಗದಿರಲು ನಡುನಡುವೆ ಒಂದೊಂದು ಮೆಟ್ಟಿಲು ಬೇಕಿತ್ತು. ಅಂದರೆ ಬಣ್ಣದ ಬೆಲ್ಟ್ ಹುಟ್ಟಿದಾಗಲೇ ಅದರಲ್ಲಿ ಅರ್ಧ ಪಾಲು ವಿದ್ಯಾರ್ಥಿಯನ್ನು ಉಳಿಸಿಕೊಳ್ಳುವ ಉಪಾಯವಿತ್ತು. ಅದರಲ್ಲಿ ತಪ್ಪೇನೂ ಇಲ್ಲ, ಎಂಟು ವರ್ಷದ ಮಗುವಿಗೆ ಮೂರು ತಿಂಗಳಾಚೆಯ ಗುರಿ ಬೇಕೇ ಬೇಕು. ಅನ್ಯಾಯ ಆಗುವುದು ಮೆಟ್ಟಿಲೇ ಸರಕಾದಾಗ. ‘ಎರಡು ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಖಚಿತ’ ಎಂದು ಬರೆದ ಜಾಹೀರಾತು ಒಮ್ಮೆ ಹೊರಟ ಮೇಲೆ ಫೇಲ್ ಮಾಡುವ ಹಕ್ಕನ್ನು ಮಾಸ್ಟರ್ ಕಳೆದುಕೊಂಡಂತೆ. ಎಲ್ಲ ಬಣ್ಣ ಮಸಿ ನುಂಗಿತು ಎಂಬ ಗಾದೆಗೆ ಇದಕ್ಕಿಂತ ಒಪ್ಪುವ ಸಂದರ್ಭ ಸಿಗಲಾರದು.

ಇದನ್ನು ದುರಾಸೆ ಎಂದು ಬೈದು ಮುಗಿಸುವುದು ಸುಲಭ, ಆದರೆ ಲೆಕ್ಕ ನೋಡಿದರೆ ಮಾಸ್ಟರ ಸಂಕಟವೂ ಕಾಣುತ್ತದೆ. ಉದಾಹರಣೆಗೆಂದು ಇಟ್ಟುಕೊಳ್ಳೋಣ: ಅರವತ್ತು ಮಕ್ಕಳು, ತಿಂಗಳ ಶುಲ್ಕ 1,500 ರೂಪಾಯಿ, ಒಟ್ಟು 90,000. ಬಾಡಿಗೆ 35,000, ಇಬ್ಬರು ಸಹಾಯಕರಿಗೆ 25,000, ಕರೆಂಟು, ಮ್ಯಾಟು ಇತ್ಯಾದಿ 5,000. ಕೈಯಲ್ಲಿ ಉಳಿದದ್ದು 25,000. ತಿಂಗಳಿಗೆ ನೂರಕ್ಕೆ ಹತ್ತರಂತೆ ಬಿಟ್ಟರೆ ಆರು ಮಕ್ಕಳು ಹೋದಂತೆ, ಆ ಜಾಗ ತುಂಬಲು ಆರು ಹೊಸಬರು ಬೇಕು. ಜಾಹೀರಾತಿನಿಂದ ಬಂದ ಒಂದು ವಿಚಾರಣೆಗೆ 150 ರೂಪಾಯಿ ತಗುಲಿ, ಹತ್ತು ವಿಚಾರಣೆಗೆ ಒಬ್ಬರು ಸೇರಿದರೆ, ತಲೆಗೆ 1,500. ಆರು ಮಂದಿಗೆ 9,000 ರೂಪಾಯಿ, ಅಂದರೆ ಕೈಗುಳಿಯುವ ಹಣದ ಮೂರನೇ ಒಂದು ಪಾಲಿಗಿಂತ ಹೆಚ್ಚು, ಪ್ರತಿ ತಿಂಗಳೂ. ಈ ಗುಂಡಿ ಮುಚ್ಚಲು ಅತಿ ಸುಲಭದ ಮಣ್ಣೆಂದರೆ ಮೂರು ತಿಂಗಳಿಗೊಮ್ಮೆಯ ಗ್ರೇಡಿಂಗ್ ಶುಲ್ಕ. ಅದಕ್ಕೇ ಗ್ರೇಡಿಂಗ್ ಹೆಚ್ಚುತ್ತದೆ, ಬೆಲ್ಟಿನ ನಡುವೆ ಗೆರೆ ಹಾಕಿದ ಅರೆಬೆಲ್ಟ್‌ಗಳು ಹುಟ್ಟಿಕೊಳ್ಳುತ್ತವೆ.

ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ಬಿಡಿಸಿ. ಬಿಡುವವರು ನೂರಕ್ಕೆ ಐದಾದರೆ ಬೇಕಾದ ಹೊಸಬರು ಮೂವರು, ಖರ್ಚು 4,500. ಮಗು ಸರಾಸರಿ ಹತ್ತು ತಿಂಗಳ ಬದಲು ಇಪ್ಪತ್ತು ತಿಂಗಳು ಉಳಿದು 15,000ದ ಬದಲು 30,000 ರೂಪಾಯಿ ಶುಲ್ಕ ಕಟ್ಟಿರುತ್ತದೆ. ರೀಲ್ಸ್‌ಗೆ ಸುರಿಯುವ ಹೊತ್ತಿನಲ್ಲಿ ಅರ್ಧವನ್ನು ಎರಡನೇ ತಿಂಗಳ ಮಕ್ಕಳಿಗೆ ಕೊಟ್ಟರೆ ಲಾಭ ಎಲ್ಲಿದೆಯೆಂದು ತಿಳಿಯಲು ಅಂಕಿ ಅಂಶ ತಜ್ಞರು ಬೇಕಿಲ್ಲ. ಯಾವ ಮಗು ಎರಡು ತರಗತಿ ಸತತವಾಗಿ ತಪ್ಪಿಸಿತು ಎಂದು ನೋಡಿ ಮನೆಗೆ ಒಂದು ಕರೆ ಮಾಡುವುದು ಯಾವ ಪ್ರಚಾರ ಪರಿಣತರ ಪಾಠದಲ್ಲೂ ಬರುವುದಿಲ್ಲ, ಏಕೆಂದರೆ ಅದಕ್ಕೆ ಅವರು ಶುಲ್ಕ ವಿಧಿಸಲಾಗದು. ಬಿಡುವ ಕಾಲವೂ ಬಹುಮಟ್ಟಿಗೆ ಮೊದಲೇ ಗೊತ್ತಿರುತ್ತದೆ: ಏಪ್ರಿಲ್ ಮೇ ಬೇಸಿಗೆ ಶಿಬಿರಕ್ಕೆ ಬಂದವರು ಜೂನ್‌ನಲ್ಲಿ ಶಾಲೆ ಶುರುವಾದೊಡನೆ ಕರಗುತ್ತಾರೆ, ಫೆಬ್ರುವರಿ ಮಾರ್ಚ್ ಪರೀಕ್ಷೆಗೆ ಇನ್ನಷ್ಟು ಮಂದಿ, ಒಂಬತ್ತನೇ ತರಗತಿ ಮುಟ್ಟಿದೊಡನೆ ಎಸ್ಸೆಸ್ಸೆಲ್ಸಿ ನೆಪದಲ್ಲಿ ಉಳಿದವರು.

ಪೋಷಕರಿಗೆ ಅಳತೆಗೋಲಾದರೂ ಇದೆಯೇ? ಇಲ್ಲಿ ನಿಜವಾದ ಕತ್ತಲಿದೆ. ನಮ್ಮಲ್ಲಿ ಕರಾಟೆ ಕಲಿಸಲು ಸರ್ಕಾರದ ಪರವಾನಗಿ ಬೇಕಿಲ್ಲ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕೋಚಿಂಗ್ ಡಿಪ್ಲೊಮಾ ಜೂಡೋ, ಕುಸ್ತಿ, ಬಾಕ್ಸಿಂಗ್‌ನಂತಹ ಕ್ರೀಡೆಗಳ ತರಬೇತುದಾರರನ್ನು ಗುರುತಿಸಲು ನೆರವಾಗುತ್ತದೆ. ಬಡಾವಣೆಯ ಕರಾಟೆ ಶಾಲೆಯಲ್ಲಿ ನೋಡಸಿಗುವುದು ಶೈಲಿಯ ಸಂಘಟನೆ ಕೊಟ್ಟ ದಾನ್ ಪತ್ರ ಮಾತ್ರ. ಅಂಥ ಸಂಘಟನೆಗಳು ಎಷ್ಟೋ. ಕರಾಟೆ ಅಸೋಸಿಯೇಷನ್ ಆಫ್ ಇಂಡಿಯಾದ ಮಾನ್ಯತೆಯನ್ನೇ ಭಾರತೀಯ ಒಲಿಂಪಿಕ್ ಸಂಸ್ಥೆ 2020ರಲ್ಲಿ ರದ್ದು ಮಾಡಿತು. ಹೀಗಿರುವಾಗ ‘ರಾಷ್ಟ್ರೀಯ ಚಾಂಪಿಯನ್’ ಎಂಬ ಸಾಲಿಗೆ ಯಾವ ಪಂದ್ಯಾವಳಿ, ಯಾರು ನಡೆಸಿದ್ದು, ಎಷ್ಟು ಮಂದಿ ಆಡಿದ್ದು ಎಂದು ಕೇಳದೆ ಬೆಲೆ ಕಟ್ಟುವಂತಿಲ್ಲ. ‘ಒಲಿಂಪಿಕ್ ಕ್ರೀಡೆ ಕಲಿಸುತ್ತೇವೆ’ ಎಂಬ ಫಲಕವೂ ಅಷ್ಟೇ. ಜೂಡೋ 1964ರಲ್ಲೇ ಒಲಿಂಪಿಕ್ಸ್ ಸೇರಿತು, ಟೇಕ್ವಾಂಡೊ 2000ದಿಂದ ಪೂರ್ಣ ಪದಕ ಕ್ರೀಡೆ. ಕರಾಟೆ ಇದ್ದದ್ದು 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಮಾತ್ರ, ಪ್ಯಾರಿಸ್‌ನಲ್ಲಿ ಇರಲಿಲ್ಲ, 2028ರ ಲಾಸ್ ಏಂಜಲೀಸ್ ಪಟ್ಟಿಯಲ್ಲೂ ಇಲ್ಲ.

ಕಾನೂನು ಪೂರ್ತಿ ಕಣ್ಣು ಮುಚ್ಚಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಕೋಚಿಂಗ್ ಕೇಂದ್ರಗಳ ಸುಳ್ಳು ಭರವಸೆಗಳಿಗೆ ಕಡಿವಾಣ ಹಾಕಲು 2024ರ ನವೆಂಬರ್‌ನಲ್ಲಿ ಇದೇ ಪ್ರಾಧಿಕಾರ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಅದರ ವ್ಯಾಖ್ಯೆಯಲ್ಲಿ ಕ್ರೀಡೆ, ನೃತ್ಯ, ರಂಗಭೂಮಿಯನ್ನು ಹೊರಗಿಟ್ಟಿದ್ದಾರೆ. ಐಐಟಿ ಸೀಟು ಖಚಿತ ಎಂದವನಿಗೆ ಇರುವ ವಿಶೇಷ ಕಡಿವಾಣ ಬ್ಲ್ಯಾಕ್ ಬೆಲ್ಟ್ ಖಚಿತ ಎಂದವನಿಗೆ ಇಲ್ಲ, ಅವನಿಗೆ ಅನ್ವಯಿಸುವುದು ಸಾಮಾನ್ಯ ಕಾಯ್ದೆ ಮಾತ್ರ. ಬಡಾವಣೆಯ ಶಾಲೆಯೊಂದರ ಮೇಲೆ ಯಾರಾದರೂ ದೆಹಲಿಗೆ ದೂರು ಬರೆಯುತ್ತಾರೆಂದು ನನಗನ್ನಿಸುವುದಿಲ್ಲ.

ಹೆಣ್ಣುಮಕ್ಕಳ ಆತ್ಮರಕ್ಷಣೆಯ ಹೆಸರಿನ ಜಾಹೀರಾತುಗಳಲ್ಲಿ ಈ ಭರವಸೆ ಇನ್ನೂ ಅಪಾಯಕಾರಿ. ಅಪರಾಧದ ಸುದ್ದಿ ದೊಡ್ಡದಾದ ವಾರ ಎರಡು ದಿನದ ಕಾರ್ಯಾಗಾರಗಳು ಅಣಬೆಯಂತೆ ಏಳುತ್ತವೆ. ಎರಡು ದಿನದಲ್ಲಿ ಕಲಿಯಬಹುದಾದದ್ದು ಜೋರಾಗಿ ಕೂಗುವುದು, ಬಿಡಿಸಿಕೊಂಡು ಓಡುವುದು, ಯಾರಿಗೆ ಕರೆ ಮಾಡಬೇಕೆಂಬುದು. ಅದನ್ನೇ ಹೇಳಿ ಕಲಿಸಿದರೆ ಅದು ದೊಡ್ಡ ಉಪಕಾರ. ಅದರ ಬದಲು ತನ್ನ ಎರಡರಷ್ಟು ತೂಕದವನನ್ನು ಕೆಡವುವ ವಿಡಿಯೋ ಹಾಕಿ ಕರೆದರೆ ಹುಡುಗಿಯ ಕೈಗೆ ಸಿಗುವುದು ಸುಳ್ಳು ಧೈರ್ಯ.

ಮಾರುಕಟ್ಟೆ ನಿಜವಾಗಿ ಸರಿಯುತ್ತಿರುವ ದಿಕ್ಕನ್ನು ಇನ್‌ಸ್ಟಾಗ್ರಾಂನಲ್ಲಿ ನೋಡಲಾಗದು. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಕನಕಪುರ ರಸ್ತೆಯ ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ತರಗತಿ ನಡೆಯುವುದು ಕ್ಲಬ್‌ಹೌಸಿನಲ್ಲಿ, ಪ್ರವೇಶಾತಿ ನಡೆಯುವುದು ನಿವಾಸಿಗಳ ವಾಟ್ಸ್‌ಆಪ್ ಗುಂಪಿನಲ್ಲಿ. ಅಲ್ಲಿ ಒಬ್ಬ ತಾಯಿ ಬರೆದ ಎರಡು ಸಾಲಿಗೆ ಯಾವ ಜಾಹೀರಾತೂ ಸಮನಲ್ಲ. ಮಾಸ್ಟರಿಗೆ ಬಾಡಿಗೆಯ ಬಾಧೆ ತಪ್ಪುತ್ತದೆ, ಬದಲಿಗೆ ಸಂಘಕ್ಕೆ ಶುಲ್ಕದಲ್ಲಿ ಪಾಲು. ಗೇಟಿನೊಳಗೆ ಹೋಗಲು ಸಮಿತಿಯವರ ಒಪ್ಪಿಗೆ ಬೇಕು, ಒಪ್ಪಿಗೆಗೆ ಇಂಗ್ಲಿಷ್ ಬೇಕು, ಪಿಪಿಟಿ ಬೇಕು. ಇಪ್ಪತ್ತು ವರ್ಷ ಕಲಿಸಿದ ಕನ್ನಡದ ಮಾಸ್ಟರ್ ಸೋಲುವುದು ಹೆಚ್ಚಾಗಿ ಈ ಗೇಟಿನಲ್ಲಿ. ಬಾಯಿದ್ದವನು ಬರದಲ್ಲೂ ಬದುಕಿದ ಎಂದು ಹಿರಿಯರು ಹೇಳಿದ್ದು ಇಂಥ ಸಮಿತಿಗಳನ್ನು ನೋಡಿಯೇ ಇರಬೇಕು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ ಅಂಗಡಿ ಮುಂಗಟ್ಟಿನ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು. ಹಾಗಾಗಿ ಬಾಗಿಲ ಮೇಲೆ ಕನ್ನಡ ಬಂದಿದೆ, ಅದೇ ಶಾಲೆಯ ಗೂಗಲ್ ಪುಟದಲ್ಲಿ ಒಂದಕ್ಷರ ಕನ್ನಡವಿಲ್ಲ. ವಿಜಯನಗರ, ರಾಜಾಜಿನಗರ, ಯಲಹಂಕದ ಕಡೆ ಕನ್ನಡದಲ್ಲಿ ವಿವರ ಬರೆದ ಶಾಲೆಗೆ ಪೈಪೋಟಿಯೇ ಇಲ್ಲದ ಜಾಗ ಖಾಲಿ ಬಿದ್ದಿದೆ ಎಂದು ನನ್ನ ಎಣಿಕೆ. ಶುಲ್ಕ ಎಷ್ಟು, ಗ್ರೇಡಿಂಗಿಗೆ ಬೇರೆ ಎಷ್ಟು, ಸಮವಸ್ತ್ರಕ್ಕೆ ಎಷ್ಟು, ಮಾಸ್ಟರ್ ಯಾರ ಬಳಿ ಕಲಿತರು, ಪೋಷಕರು ಯಾವ ದಿನ ಬೇಕಾದರೂ ಕೂತು ನೋಡಬಹುದೇ: ಇಷ್ಟನ್ನು ಮರೆಮಾಚದೆ ಕನ್ನಡದಲ್ಲಿ ಬರೆದ ಒಂದು ಪುಟ ಹತ್ತು ರೀಲ್ಸ್‌ಗಿಂತ ಹೆಚ್ಚು ದಿನ ದುಡಿಯುತ್ತದೆ. ಶುಲ್ಕ ಮೊದಲೇ ಹೇಳಿದರೆ ಜನ ಓಡಿಹೋಗುತ್ತಾರೆ ಎಂಬ ಭಯ ಹಲವರಿಗಿದೆ. ಓಡಿಹೋಗುವವರು ಎರಡನೇ ತಿಂಗಳು ಹೇಗೂ ಹೋಗುತ್ತಿದ್ದರು.

ಕಡೆಯದಾಗಿ ಮಕ್ಕಳ ಮುಖ. ಶಾಲೆಯ ವಿಡಿಯೋದಲ್ಲಿ ಮಗುವಿನ ಎದೆಯ ಮೇಲೆ ಹೆಸರು, ಹಿಂದಿನ ಗೋಡೆಯಲ್ಲಿ ತರಗತಿಯ ವೇಳಾಪಟ್ಟಿ, ಕೆಳಗೆ ಜಾಗದ ಪಿನ್. ಪ್ರತಿ ಮಂಗಳವಾರ, ಗುರುವಾರ ಸಂಜೆ ಈ ಮಗು ಎಲ್ಲಿರುತ್ತದೆ ಎಂಬುದನ್ನು ಊರಿಗೆಲ್ಲ ಹೇಳಿದಂತಾಯಿತು, ಅದೂ ಆತ್ಮರಕ್ಷಣೆ ಕಲಿಸುವ ಜಾಗದಿಂದ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಹದಿನೆಂಟರೊಳಗಿನವರ ದತ್ತಾಂಶ ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕು, ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತಿಗೆ ನಿರ್ಬಂಧವಿದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದಿವೆ, ಮುಖ್ಯ ಕಟ್ಟಳೆಗಳ ಜಾರಿಗೆ ಒಂದೂವರೆ ವರ್ಷದ ಕಾಲಾವಕಾಶ ಕೊಟ್ಟಿದ್ದಾರೆ. ಅಲ್ಲಿಯವರೆಗೆ ಕಾಯಬೇಕಿಲ್ಲ. ಪ್ರವೇಶ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ, ಮಗುವಿನ ಚಿತ್ರವನ್ನು ಪ್ರಚಾರಕ್ಕೆ ಬಳಸಬಹುದೇ, ಹೌದು ಅಥವಾ ಇಲ್ಲ ಎಂದು ಕೇಳಿದರೆ ಸಾಕು. ಇಲ್ಲ ಎಂದು ಬರೆದವರ ಮಕ್ಕಳನ್ನು ಪ್ಯಾಡ್ ಒದೆಯುವ ಸರದಿಯಲ್ಲಿ ಹಿಂದಕ್ಕೆ ತಳ್ಳದಿದ್ದರೆ ಆಯಿತು.